ನಡುವೆ ಒಂದು ಮನೆ

"ಈ ಹಗ್ಗ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ.

ಮಂಜಿನಿಂದ ಹೊರಬಂದವನ ತಲೆಯ ಮೇಲೆ ಒಂದರೊಳಗೊಂದು ಸೇರಿಸಿದ ಬುಟ್ಟಿಗಳಿದ್ದವು. ಒಂದು ಕೈ ಬುಟ್ಟಿಗಳ ಮೇಲೆ, ಇನ್ನೊಂದು ಹಗ್ಗದ ಮೇಲೆ. ಸೊಂಟದೆತ್ತರಕ್ಕೆ ಬಿಗಿದ ಆ ಹಗ್ಗ ಎರಡೂ ಕಡೆ ಬಿಳಿ ಮಂಜಿನೊಳಗೆ ಹೋಗಿ ಇಲ್ಲವಾಗುತ್ತಿತ್ತು. ಬೆಳಗಿನಿಂದ ನಾನು ಅದನ್ನೇ ಹಿಡಿದು ನಡೆದಿದ್ದೆ. ಹಿಡಿಯಲು ಬೇರೇನೂ ಇರಲಿಲ್ಲ.

"ನಿನ್ನೆ ಕೇಳಿದ್ರೆ ಗಾಣಿಗನ ಮನೆಗೆ ಅಂತಿದ್ದೆ," ಎಂದ ಬುಟ್ಟಿಯವನು. "ಇವತ್ತು ಗಂಟಿನವರು ಇನ್ನೂ ಬಂದಿಲ್ಲ. ಅವರು ಬಂದುಹೋದ ಮೇಲೆ ಕೇಳಿ, ಹೇಳ್ತೀನಿ."

"ನಾನು ಹೋಗಬೇಕಾಗಿರೋದು ಬಂದರಿಗೆ."

"ಬಂದರಿಗೆ ಹಗ್ಗ ಇಲ್ಲವಲ್ಲ."

"ಹಗ್ಗ ಬೇಡಪ್ಪಾ, ದಾರಿ ಹೇಳು."

"ಹಗ್ಗ ಬೇಡ, ದಾರಿ ಬೇಕು," ಎಂದು ಅವನು ಮೆಲ್ಲಗೆ ಹೇಳಿಕೊಂಡ, ಮನೆಗೆ ಹೋಗಿ ಹೆಂಡತಿಗೆ ಹೇಳಿ ನಗಿಸಲು ನೆನಪಿಟ್ಟುಕೊಳ್ಳುವವನಂತೆ.

ದಾರಿ ತಪ್ಪುವುದು ನನಗೆ ಹೊಸದಲ್ಲ. ಬಾಗಿಲುಗಳಿಲ್ಲದ ಊರಿನಲ್ಲಿ ತಪ್ಪಿದ್ದೇನೆ, ಬಾಗಿಲುಗಳಷ್ಟೇ ಇದ್ದು ಮನೆಗಳಿಲ್ಲದ ಊರಿನಲ್ಲೂ ತಪ್ಪಿದ್ದೇನೆ. ಒಂದೂರಿನಲ್ಲಿ ದಾರಿ ಕೇಳಿದವರಿಗೆ ಊಟ ಹಾಕಿ, ಹಾಸಿಗೆ ಹಾಸಿ, ಕಾಲು ತೊಳೆಯಲು ಬಿಸಿನೀರು ಕೊಡುತ್ತಿದ್ದರು, ದಾರಿಯೊಂದನ್ನು ಮಾತ್ರ ಹೇಳುತ್ತಿರಲಿಲ್ಲ. ಆ ಮರ್ಯಾದೆಯಿಂದ ತಪ್ಪಿಸಿಕೊಳ್ಳಲು ಸಾಕುಸಾಕಾಗಿತ್ತು. ಹಾಗಾಗಿ ಬುಟ್ಟಿಯವನ ಉತ್ತರ ನನ್ನನ್ನು ಹೆದರಿಸಲಿಲ್ಲ.

"ಹಗ್ಗದಿಂದ ಕೈ ತೆಗೀಬೇಡಿ ಅಕ್ಕಾ," ಎಂದ. "ತೆಗೆದ್ರೆ ನೀವು ನನಗೆ ಕಾಣಲ್ಲ."

ಬೇಡ ಎಂದದ್ದನ್ನು ಮಾಡಿ ನೋಡುವುದು ನನ್ನ ಜಾಯಮಾನ. ಕೈ ತೆಗೆದೆ. ನಾನು ನಿಂತಲ್ಲೇ ಇದ್ದೆ, ಅವನು ನನಗೆ ಚೆನ್ನಾಗಿಯೇ ಕಾಣುತ್ತಿದ್ದ. ಆದರೆ ಅವನ ಕಣ್ಣು ನನ್ನನ್ನು ದಾಟಿ ಹಿಂದಿನ ಮಂಜನ್ನು ನೋಡತೊಡಗಿತು. "ಅಕ್ಕಾ? ಓ ಅಕ್ಕಾ? ಹೇಳಿದ ಮಾತು ಕೇಳೋ ಪೈಕಿ ಅಲ್ಲ ಇವರು," ಎಂದು ಗೊಣಗಿದ. "ಇಲ್ಲೇ ಇದ್ದೀನಪ್ಪಾ," ಎಂದೆ. ಕೇಳಿಸಲಿಲ್ಲ. ಮತ್ತೆ ಹಗ್ಗ ಹಿಡಿದೆ.

"ಹಾಂ, ಬಂದ್ರಿ," ಎಂದ. "ಹೀಗೆಲ್ಲ ಆಟ ಆಡಬಾರದು. ಬನ್ನಿ, ಸೂಲಗಿತ್ತಿ ಅವ್ವನ ಮನೆಗೆ ಬಿಡ್ತೀನಿ. ಊರಲ್ಲಿ ಅತಿ ಹೆಚ್ಚು ಹಗ್ಗ ಇರೋದು ಅವಳ ಮನೆಗೇ. ನಾನೂ ಅಲ್ಲಿಗೇ ಹೊರಟಿದ್ದೆ. ನನ್ನ ಹೆಂಡತಿ ಬಸುರಿ. ಹುಣಸೆಹಣ್ಣು ಬೇಕಂತೆ, ಎಷ್ಟು ತಿನ್ನಬಹುದು ಅಂತ ಕೇಳ್ಕೊಂಡು ಬರಬೇಕು."

"ಎಷ್ಟು ತಿಂದಿದ್ದಾಳೆ?"

"ತಂದದ್ದಷ್ಟನ್ನೂ."

ಸೂಲಗಿತ್ತಿಯ ಜಗುಲಿಯ ಕಂಬಗಳಿಗೆ ನಾಲ್ಕೂ ದಿಕ್ಕಿನಿಂದ ಹಗ್ಗಗಳು ಬಂದು ಸೇರಿದ್ದವು. ಅವಳು ಗಿಡ್ಡ ಮುದುಕಿ, ಅಗಲ ಅಂಗೈ. ನನ್ನನ್ನು ನೋಡಿದ ಕೂಡಲೇ ಕೇಳಿದ್ದು ಹೆಸರನ್ನಲ್ಲ, "ಯಾರ ಮನೆಗೆ ಕಟ್ಟಿದ್ದಾರೆ ನಿನ್ನನ್ನ?" ಎಂದು.

"ಯಾರ ಮನೆಗೂ ಇಲ್ಲ."

"ಯಾವತ್ತೂ?"

"ಒಂದೆರಡು ಸಲ ಕಟ್ಟಿದ್ರು. ಬಿಚ್ಚಿಕೊಂಡೆ."

ಮುದುಕಿ ನಕ್ಕಳು. ಹಿತ್ತಲಲ್ಲಿ ಒಂದು ಖಾಲಿ ಗುಡಿಸಲಿತ್ತು. ಅದಕ್ಕೆ ಹಗ್ಗವಿಲ್ಲದೆ ಅಲ್ಲಿ ನಾನು ಉಳಿಯುವಂತಿರಲಿಲ್ಲ, ಉಳಿದರೂ ಯಾರಿಗೂ ಕಾಣುವಂತಿರಲಿಲ್ಲ. ಹಗ್ಗ ಹೊಸೆಯುವ ನಾರಿಗೆ ಊರಲ್ಲಿ ಬರ. ಅವಳು ಒಳಗೆ ಹೋಗಿ, ತೊಲೆಗೆ ಇಳಿಬಿಟ್ಟಿದ್ದ ಹಗ್ಗವನ್ನು ಬಿಚ್ಚಿಕೊಂಡು ಬಂದಳು. ಹೆರುವ ಹೆಂಗಸರು ನೋವು ಬಂದಾಗ ಹಿಡಿದು ಜಗ್ಗುವ ಹಗ್ಗ ಅದು. ಎಷ್ಟೋ ಅಂಗೈಗಳು ಉಜ್ಜಿ ನುಣುಪಾಗಿತ್ತು.

"ಇದು ಸಾಲ," ಎಂದಳು. "ಹೋಗೋ ಮುಂಚೆ ತೀರಿಸಿ ಹೋಗ್ಬೇಕು ಮತ್ತೆ."

"ತೀರಿಸ್ತೀನಿ ಅವ್ವಾ. ಮಂಜು ಸರಿದ ದಿನ."

"ಮಂಜು ಸರಿಯೋದು ಅಂದ್ರೆ?" ಎಂದು ಅವಳು ಬುಟ್ಟಿಯವನನ್ನು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ.

ಹಾಗೆ ನನ್ನ ಗುಡಿಸಲು ಆ ಊರಿನ ಮನೆಯಾಯಿತು.

ಊರಿನ ರೀತಿ ಹೀಗಿತ್ತು. ಬೆಳಿಗ್ಗೆ ಗಂಟಿನವರು ಬರುತ್ತಿದ್ದರು. ಎಲ್ಲರೂ ಒಂದೇ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ ಸಾಲು, ಮುಂದೆ ಗಂಟಿನ ಯಜಮಾನ. ಅವರು ಹಗ್ಗವಿದ್ದಲ್ಲೆಲ್ಲ ಹೋಗಬಲ್ಲವರು. ಎಲ್ಲಾದರೂ ಒಂದು ಕಡೆ ನಿಲ್ಲುತ್ತಿದ್ದರು. ನಿಂತು ಹಾಡುತ್ತಿದ್ದರು:

ಈಚೆ ಮನೆ, ಆಚೆ ಮನೆ, ನಡುವೆ ಒಂದು ಮನೆ.
ಈಚೆಯದನ್ನು ನಡುವಿನಿಂದ ಬಿಚ್ಚು, ಆಚೆಗೆ ಕಟ್ಟು.

ಹಾಡಿದ ಹಾಗೆಯೇ ಮಾಡುತ್ತಿದ್ದರು. ಈಚೆಯ ಮನೆಯಿಂದ ನಡುವಿನ ಮನೆಗೆ ಬಂದ ಹಗ್ಗದ ತುದಿಯನ್ನು ಬಿಚ್ಚಿ, ಒಯ್ದು ಆಚೆಯ ಮನೆಯ ಕಂಬಕ್ಕೆ ಕಟ್ಟುತ್ತಿದ್ದರು. ನಡುವಿನದಕ್ಕೂ ಆಚೆಯದಕ್ಕೂ ಇದ್ದ ಹಗ್ಗ ಇದ್ದಂತೆಯೇ ಇರುತ್ತಿತ್ತು. ಬೆಳಿಗ್ಗೆಗೆ ಒಂದೇ ಕಡೆ. ಮುಗಿದ ಮೇಲೆ ಒಂದು ಲೋಟ ನೀರುಮಜ್ಜಿಗೆ ಕುಡಿದು ಹೊರಟುಬಿಡುತ್ತಿದ್ದರು.

"ಯಾಕೆ ಹೀಗೆ?" ಎಂದು ಕೇಳಿದೆ.

"ಇಲ್ಲದಿದ್ರೆ ಗಾಣಿಗ ಹುಟ್ಟಿದಾಗಿಂದ ಸಾಯೋ ತನಕ ಒಂದೇ ಪಕ್ಕದಮನೆಯವರ ಮುಖ ನೋಡ್ಬೇಕು," ಎಂದಳು ಸೂಲಗಿತ್ತಿ. "ಗಾಣಿಗನಿಗಿಂತ ಪಕ್ಕದಮನೆಯವರಿಗೆ ಅದು ಕಷ್ಟ."

ನನಗೆ ಆ ರೀತಿ ಹಿಡಿಸಿತು. ನೆಲೆ ನಿಲ್ಲದವಳಿಗೆ ನೆಲೆ ನಿಲ್ಲದ ಊರು. ಇವತ್ತು ನಿನ್ನ ಕಂಬದಿಂದ ಹೋದ ಹಗ್ಗ ಇನ್ನೊಂದು ಬೆಳಿಗ್ಗೆ ಬೇರೆ ಕಡೆಯಿಂದ ಬರುತ್ತಿತ್ತು. ನೇಕಾರನ ಮನೆಗೆ ನೇರ ಹೋಗುತ್ತಿದ್ದವರು ಈಗ ಗಾಣಿಗನ ಮನೆ ಹಾದು ಹೋಗಬೇಕಾಗುತ್ತಿತ್ತು, ಹೋಗುವಾಗ ಒಂದಿಷ್ಟು ಹಿಂಡಿ, ಒಂದಿಷ್ಟು ಚಾಡಿ ಸಿಗುತ್ತಿತ್ತು. ಎಷ್ಟು ಸರಿಸಿದರೂ ಯಾವ ಮನೆಯೂ ಕಳೆದುಹೋಗುತ್ತಿರಲಿಲ್ಲ. ಸುತ್ತು ಹೆಚ್ಚಾಗಬಹುದು, ಕಡಿಮೆಯಾಗಬಹುದು. ಹಗ್ಗ ಹಿಡಿದು ಹೊರಟವಳು ಎಲ್ಲಿಗಾದರೂ ಮುಟ್ಟಿಯೇ ಮುಟ್ಟುತ್ತಿದ್ದಳು. ನಾಳೆ ಹೊರಟರಾಯಿತು ಎಂದುಕೊಳ್ಳುತ್ತ ನಾನು ಅಲ್ಲೇ ಉಳಿದೆ.

ಬುಟ್ಟಿಯವನ ಬಸುರಿ ಹೆಂಡತಿಯನ್ನೂ ನೋಡಿಬಂದೆ. ಹುಣಸೆಹಣ್ಣು ಚೀಪುತ್ತ ಕೂತಿದ್ದಳು. ಹಿಂದಿನ ಸಲ ಕೂಸು ಅಡ್ಡ ನಿಂತಿತ್ತಂತೆ. ಸೂಲಗಿತ್ತಿ ಕೈಹಾಕಿ ತಿರುಗಿಸಿ ತಾಯಿಯನ್ನು ಉಳಿಸಿದಳು, ಕೂಸು ಉಳಿಯಲಿಲ್ಲ. "ಈ ಸಲವೂ ಒದೆಯೋದು ಪಕ್ಕಕ್ಕೇ," ಎಂದು ಹೊಟ್ಟೆಯ ಬದಿಯನ್ನು ತೋರಿಸಿದಳು. "ಅವ್ವ ಬಂದ್ರೆ ಸರಿಹೋಗ್ತದೆ. ನೋವು ಶುರುವಾದ ಕೂಡಲೇ ಹಗ್ಗ ಜಗ್ಗಬೇಕು, ಅಷ್ಟೇ. ಅವ್ವನ ಕಂಬ ಅಲುಗ್ತದೆ, ಅವಳು ಚೀಲ ಹಿಡ್ಕೊಂಡು ಹೊರಡ್ತಾಳೆ." ಅವಳ ಮನೆಗಿದ್ದದ್ದು ಆ ಒಂದೇ ಹಗ್ಗ.

ನಿಯಮ ಬದಲಾದದ್ದು ಅದಾದ ಮೇಲೆ. ಯಾರೂ ಜಗಳವಾಡಲಿಲ್ಲ, ಯಾರೂ ಯಾರನ್ನೂ ಗದ್ದುಗೆಯಿಂದ ಇಳಿಸಲಿಲ್ಲ. ಒಂದು ಬೆಳಿಗ್ಗೆ ಗಂಟಿನ ಯಜಮಾನ ಸೂಲಗಿತ್ತಿಯ ಜಗುಲಿಯ ಮೇಲೆ ಮಜ್ಜಿಗೆ ಕುಡಿಯುತ್ತ ಹೇಳಿದ: "ನೋಡು ಅವ್ವಾ, ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ಹಗ್ಗ ಸವೀತಾ ಇದೆ. ಹೊಸದಕ್ಕೆ ನಾರಿಲ್ಲ. ಈಚೆ ಮನೆಯವನಿಗೂ ಆಚೆ ಮನೆಯವನಿಗೂ ನೇರ ಕಟ್ಟಿದ ಮೇಲೆ ನಡುವಿನವನ ಕೆಲಸ ಏನು? ಅಲ್ಲಿ ಒಂದು ಹಗ್ಗ ದಂಡ. ಎರಡನ್ನೂ ಬಿಚ್ಚಿಬಿಟ್ರೆ ಬೆಳಿಗ್ಗೆಗೆ ಒಂದು ಹಗ್ಗ ಮಿಗುತ್ತೆ."

ಕೇಳಿದವರಿಗೆಲ್ಲ ಸರಿಯೆನಿಸಿತು. ನನಗೂ ಎನಿಸಿತು. ಹಾಡಿನಲ್ಲಿ ಒಂದು ಸಾಲು ಬದಲಾಯಿತು, ರಾಗ ಬದಲಾಗಲಿಲ್ಲ:

ಈಚೆ ಮನೆ, ಆಚೆ ಮನೆ, ನಡುವೆ ಒಂದು ಮನೆ.
ಎರಡನ್ನೂ ನಡುವಿನಿಂದ ಬಿಚ್ಚು, ಈಚೆಯದನ್ನು ಆಚೆಗೆ ಕಟ್ಟು.

ಮೊದಲ ಸಲ ಮಾಡಿ ನೋಡಿದ್ದು ಉಪ್ಪು ಮಾರುವವನ ಮನೆಯ ಮುಂದೆ. ಅವನ ಮನೆಗಿದ್ದದ್ದು ಎರಡೇ ಹಗ್ಗ, ಒಂದು ಗಾಣಿಗನಿಂದ, ಒಂದು ನೇಕಾರನಿಂದ. ಉಪ್ಪಿನವನು ಜಗುಲಿಗೆ ಬಂದು ನಿಂತು ಎಲ್ಲರಿಗಿಂತ ಜೋರಾಗಿ "ಸರಿ, ಸರಿ" ಎನ್ನುತ್ತಿದ್ದ. ಎರಡನೆಯ ಗಂಟು ಬಿಚ್ಚಿದಾಗ ನಮಗೆ ಕೇಳಿಸಿದ್ದು ಮೊದಲನೆಯ "ಸರಿ" ಮಾತ್ರ. ಅವನಿದ್ದಲ್ಲಿ ಮಂಜಿತ್ತು. ಗಾಣಿಗನಿಂದ ನೇಕಾರನ ಮನೆಗೆ ನೇರ ಹಗ್ಗ ಬಿದ್ದಿತ್ತು, ಇಬ್ಬರೂ ಅದನ್ನು ಬೆರಳಲ್ಲಿ ಮೀಟಿ ಮೀಟಿ ನೋಡಿ ನಕ್ಕರು. ಮಿಕ್ಕ ಹಗ್ಗವನ್ನು ಯಜಮಾನ ಮಕ್ಕಳ ಜೋಕಾಲಿಗೆ ಕೊಟ್ಟ.

ಆಮೇಲೆ ಜನ "ಈಚೆಗೆ ಸಾರಿಗೆ ರುಚಿಯೇ ಇಲ್ಲ" ಎನ್ನತೊಡಗಿದರು. ಉಪ್ಪಿನವನೊಬ್ಬನಿದ್ದ ಎಂಬುದು ಅವರಿಗೆ ನೆನಪಿತ್ತು. ಎಲ್ಲಿದ್ದ ಎಂಬುದು ಇರಲಿಲ್ಲ.

ಬೆಳಿಗ್ಗೆಗೊಂದು ಹಗ್ಗ ಮಿಗುತ್ತ ಬಂತು. ಮಂಚಗಳಿಗೆ ಹೊಸ ಹುರಿ ಬಂತು, ಬಟ್ಟೆ ಒಣಹಾಕಲು ಸಾಲು ಸಾಲು ಹಗ್ಗ ಬಂತು, ಕರುಗಳಿಗೆಲ್ಲ ಎರಡೆರಡು ಕಣ್ಣಿ. ಇಷ್ಟು ಹಗ್ಗ ಆ ಊರು ಹಿಂದೆಂದೂ ಕಂಡಿರಲಿಲ್ಲ. ಅದೇ ಹೊತ್ತಿಗೆ ಜನರ ನಡೆಯೂ ಬೇರೆಯಾಯಿತು. ಹಿಂದೆ ನಡುವಿನ ಮನೆಯವನಿಗೆ ಮರ್ಯಾದೆಯಿತ್ತು, ಎಲ್ಲರೂ ಅವನ ಜಗುಲಿ ಹಾದು ಹೋಗಬೇಕಲ್ಲ. ಈಗ ನಡುವಿನವನಾಗಲು ಯಾರಿಗೂ ಮನಸ್ಸಿಲ್ಲ. "ಎರಡು ಹಗ್ಗದ ಮನೆಯವನೇ!" ಎಂಬುದು ಬೈಗುಳವಾಯಿತು. ಹೊಸದಾಗಿ ಮನೆ ಕಟ್ಟಿದವನು ಹಗ್ಗ ಕೇಳಲು ಬಂದರೆ "ನಮಗೆ ಒಂದೇ ಸಾಕಪ್ಪಾ, ಮುಂದೆ ಹೋಗು" ಎನ್ನುತ್ತಿದ್ದರು. ಹಾಡು ಕೇಳಿದರೆ ಹೊರಗೆ ಬರುತ್ತಿದ್ದವರು ಈಗ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗಂಟಿನವರಿಗೆ ಮಜ್ಜಿಗೆಯ ಜೊತೆ ಬೆಲ್ಲ, ಬೆಲ್ಲದ ಜೊತೆ ತುಪ್ಪ ಬರತೊಡಗಿತು. ಹಾಡಿನಲ್ಲಿ ಎಲ್ಲಿಂದ ಶುರುಮಾಡಬೇಕು ಎಂದು ಇರಲಿಲ್ಲವಷ್ಟೆ. ಹಿಂದೆ ಎಲ್ಲಿಂದ ಶುರುಮಾಡಿದರೂ ಯಾರಿಗೂ ಏನೂ ಆಗುತ್ತಿರಲಿಲ್ಲ, ಹಾಗಾಗಿ ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಈಗ ಊರಿಗೆಲ್ಲ ಅದೊಂದೇ ಪ್ರಶ್ನೆ.

ಅತಿ ಹೆಚ್ಚು ಹಗ್ಗವಿದ್ದ ಸೂಲಗಿತ್ತಿಯ ಮನೆ ಎಲ್ಲರಿಗೂ ನಡುವಿನದೇ. ಅವಳ ಕಂಬಗಳಿಂದ ಎರಡೆರಡು ಹಗ್ಗ ಬಿಚ್ಚುತ್ತ ಹೋದರು.

ಒಂದು ಮಧ್ಯಾಹ್ನ ಬಸುರಿ ಹಣ್ಣು ತಿಂದು ಉಗಿದಿದ್ದ ಹುಣಸೆಬೀಜಗಳನ್ನು ತಂದು ಸೂಲಗಿತ್ತಿಯ ಜಗುಲಿಯ ಮೇಲೆ ಹರವಿದೆ. ಬೀಜದಿಂದ ಬೀಜಕ್ಕೆ ಕಸಬರಿಕೆ ಕಡ್ಡಿ ಇಟ್ಟೆ. ಮೊದಲು ಹಳೆಯ ಹಾಡಿನಂತೆ ಕಡ್ಡಿಗಳನ್ನು ಸರಿಸಿದೆ. ಸಂಜೆಯವರೆಗೆ ಸರಿಸಿದರೂ ಎಲ್ಲ ಬೀಜಗಳೂ ಹೇಗೋ ಒಂದಕ್ಕೊಂದು ಹತ್ತಿಕೊಂಡೇ ಇದ್ದವು. ಆಮೇಲೆ ಹೊಸ ಹಾಡಿನಂತೆ ಸರಿಸಿದೆ. ಬೇಗ ಮುಗಿಯಿತು. ಉಳಿದದ್ದು ಅಲ್ಲೊಂದು ಜೋಡಿ, ಇಲ್ಲೊಂದು ಜೋಡಿ, ಸುತ್ತ ಒಂಟಿ ಬೀಜಗಳು.

"ಇದರಲ್ಲಿ ನಾನು ಯಾವುದು?" ಎಂದಳು ಸೂಲಗಿತ್ತಿ.

ತೋರಿಸಿದೆ. ಒಂಟಿ.

"ಇನ್ನೊಂದ್ಸಲ ಮಾಡು. ಬೇರೆ ಕಡೆಯಿಂದ ಶುರುಮಾಡು."

ಮಾಡಿದೆ. ಈ ಸಲ ಅವಳ ಬೀಜ ಬಸುರಿಯ ಬೀಜದ ಜೊತೆ ಉಳಿಯಿತು, ನನ್ನದು ಒಂಟಿಯಾಯಿತು.

"ಇದು ಪರವಾಗಿಲ್ಲ," ಎಂದಳು.

"ನನಗೆ?"

"ನೀನು ಹೇಗೂ ಹೋಗೋಳು."

ಮರುದಿನ ಗಂಟಿನ ಯಜಮಾನ ಬಂದಾಗ ಅವನಿಗೂ ತೋರಿಸಿದೆ. ಅವನು ಕೆಟ್ಟವನಲ್ಲ. ಮಂಡಿಯೂರಿ ಕೂತು ಕೊನೆಯವರೆಗೂ ನೋಡಿದ.

"ಇವು ಹುಣಸೆಬೀಜ," ಎಂದ.

"ಹೌದು."

"ನಮ್ಮವು ಮನೆಗಳು."

"ಅದಕ್ಕೇ ಹೇಳ್ತಿರೋದು ಯಜಮಾನ್ರೇ."

"ಒಂದು ಕಡೆ ನಿಂತು ನೋಡಮ್ಮಾ. ಈಚೆ ಮನೆಯವನಿಗೆ ಲಾಭ, ಆಚೆ ಮನೆಯವನಿಗೆ ಲಾಭ, ಊರಿಗೆ ಒಂದು ಹಗ್ಗ ಲಾಭ. ಮೂರು ಲಾಭ. ಪ್ರತಿ ಬೆಳಿಗ್ಗೆ ನಾನು ನಿಂತು ನೋಡ್ತೀನಿ, ಪ್ರತಿ ಬೆಳಿಗ್ಗೆ ಹೀಗೇ ಕಾಣ್ಸುತ್ತೆ. ಲಾಭಕ್ಕೆ ಲಾಭ ಸೇರಿಸಿದ್ರೆ ನಷ್ಟ ಹೇಗಾಗುತ್ತೆ?"

"ನಡುವಿನವನನ್ನು ಕೇಳಿದ್ರಾ?"

"ಯಾರನ್ನ?" ಎಂದ. ವ್ಯಂಗ್ಯವಲ್ಲ. ಹಗ್ಗ ಬಿಚ್ಚಿದ ಮೇಲೆ ಅವನ ಕಣ್ಣಿಗೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಕೊನೆಗೆ ಊರಿನಲ್ಲಿ ನಡುವಿನ ಮನೆಗಳು ಎರಡೇ ಉಳಿದವು. ಒಂದು ಗಾಣಿಗನದು, ಇನ್ನೊಂದು ಸೂಲಗಿತ್ತಿಯದು. ಅವಳ ಕಂಬಕ್ಕೆ ಉಳಿದಿದ್ದ ಹಗ್ಗಗಳು, ಈಚೆ ನನ್ನ ಗುಡಿಸಲಿನದು, ಆಚೆ ಬಸುರಿಯದು. ಬಸುರಿಗೆ ದಿನ ತುಂಬಿತ್ತು.

"ನನ್ನನ್ನ ಬಿಚ್ಚಿಬಿಡು ಅವ್ವಾ," ಎಂದೆ. "ಆಗ ನೀನು ನಡುವಿನವಳಾಗಿರಲ್ಲ."

"ಮನೆಗೆ ಬಂದೋಳ ಹಗ್ಗ ಬಿಚ್ಚೋದು ನನ್ನ ಕೈಯಲ್ಲಾಗಲ್ಲ. ಮಂಜು ಹೀಗೆ ಕವಿದಿರುವಾಗ ಎಲ್ಲಿಗೆ ಹೋಗ್ತಿ? ಯಜಮಾನನಿಗೆ ಹೇಳಿದ್ದೀನಿ, ಕೂಸು ಹುಟ್ಟೋ ತನಕ ನಮ್ಮ ಕಡೆ ಬರಬೇಡ, ಗಾಣಿಗನ ಕಡೆ ನೋಡ್ಕೋ ಅಂತ. ಆಯ್ತು ಅಂದಿದ್ದಾನೆ. ಅವನನ್ನ ಈ ಲೋಕಕ್ಕೆ ಎಳೆದು ಹಾಕಿದ್ದು ಇದೇ ಕೈ ಕಣೇ."

ಯಜಮಾನ ಆಯ್ತು ಎಂದದ್ದು ನಿಜ. ಗಾಣಿಗ ಅವನಿಗೆ ಒಂದು ಡಬ್ಬ ಎಣ್ಣೆ ಕಳಿಸಿದ್ದೂ ನಿಜ.

ಬೆಳಿಗ್ಗೆ ನಾನು ಗುಡಿಸಲಿನ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಹಾಡು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಸೂಲಗಿತ್ತಿ ತನ್ನ ಜಗುಲಿಯಿಂದ ಕೂಗುತ್ತಿದ್ದಳು: "ಏ ತಿರುಗಾಡೀ, ಗಂಜಿ ಆರಿಹೋಗ್ತಿದೆ, ಬೇಗ ಬಂದು—"

ಗಂಟಿನವರು ಅಷ್ಟು ಚುರುಕಾಗಿದ್ದರು ಈಗ. ಒಬ್ಬ ನನ್ನ ಹಗ್ಗ ಬಿಚ್ಚಿದ, ಇನ್ನೊಬ್ಬ ಬಸುರಿಯದನ್ನು ಬಿಚ್ಚಿದ. ಅಂಗಳದಾಚೆ ಮನೆಯಿದ್ದಲ್ಲಿ ಮಂಜು ನಿಂತಿತು. ಗಂಜಿಯ ವಾಸನೆಯೂ ಇಲ್ಲ. ಬಸುರಿಯ ಮನೆಯಿಂದ ಬಂದ ಹಗ್ಗದ ತುದಿಯನ್ನು ನನ್ನ ಬಾಗಿಲ ಕಂಬಕ್ಕೆ ತಂದು ಕಟ್ಟಿ, ಮಿಕ್ಕ ನನ್ನ ನುಣುಪು ಹಗ್ಗವನ್ನು ಯಜಮಾನ ಮೊಣಕೈಗೆ ಸುತ್ತಿಕೊಳ್ಳತೊಡಗಿದ.

"ಆಯ್ತು ಅಂದಿದ್ರಲ್ಲ ಯಜಮಾನ್ರೇ, ಅವ್ವನಿಗೆ!"

"ಎಲ್ಲಿಂದ ಶುರುಮಾಡಿದ್ರೂ ನಿಯಮ ತಪ್ಪಲ್ಲಮ್ಮಾ," ಎಂದ, ನನ್ನ ಮುಖ ನೋಡದೆ. "ನೋಡಿ, ನಿಮಗೀಗ ಬುಟ್ಟಿಯವರ ಮನೆಗೆ ನೇರ ಹಗ್ಗ."

ಆ ನೇರ ಹಗ್ಗ ಆಗಲೇ ಅಲುಗಿತು.

ಮೊದಲು ಮೆಲ್ಲಗೆ. ಆಮೇಲೆ ಕಂಬವೇ ಕಿತ್ತುಬರುವಂತೆ. ಸೂಲಗಿತ್ತಿಯನ್ನು ಕರೆಯುವ ಜಗ್ಗಾಟ ನನ್ನ ಬಾಗಿಲಿಗೆ ಬಂದಿತ್ತು. ಏಳು ಕೆರೆಯ ನೀರು ಕುಡಿದವಳು ನಾನು, ಹಾವಿನ ವಿಷ ಇಳಿಸಿದ್ದನ್ನು ನೋಡಿದ್ದೇನೆ, ಹಡಗು ಕಟ್ಟಲು ಕಲಿತಿದ್ದೇನೆ. ಅಡ್ಡ ನಿಂತ ಕೂಸನ್ನು ತಿರುಗಿಸಲು ಬರುವುದಿಲ್ಲ.

ಹಗ್ಗ ಹಿಡಿದು ಬುಟ್ಟಿಯವನು ಓಡಿಬಂದ. "ಅವ್ವಾ! ಚೀಲ ತಗೋ ಅವ್ವಾ, ನೀರು ಒಡೀತು, ಅವಳು—" ಎನ್ನುತ್ತ ಬಂದವನು ಕಂಬದ ಬಳಿ ನನ್ನನ್ನು ನೋಡಿ ನಿಂತ. ಸುತ್ತ ನೋಡಿದ. "ಅವ್ವನ ಮನೆ?"

ಗಂಟಿನ ಯಜಮಾನನ ಕೈಯ ಹಗ್ಗ ಅರ್ಧ ಸುತ್ತಿದಲ್ಲೇ ನಿಂತಿತು.

"ಹಳೆಯದು ಹಾಡ್ರೋ," ಎಂದ ತನ್ನವರಿಗೆ. "ಈ ಕ್ಷಣದಿಂದ ಹಳೆಯ ನಿಯಮ. ಹೊಸದು ರದ್ದು. ಹಾಡಿ!"

ಹಾಡಿದರು. ಈಚೆ ಮನೆ, ಆಚೆ ಮನೆ, ನಡುವೆ ಒಂದು ಮನೆ. ಹಾಡಿ, ಕೈ ಚಾಚಿ ನಿಂತರು. ಏನು ಬಿಚ್ಚುವುದು, ಎಲ್ಲಿಗೆ ಕಟ್ಟುವುದು? ಈಚೆ ನನ್ನ ಗುಡಿಸಲಿತ್ತು, ಆಚೆ ಬಸುರಿಯ ಮನೆಯಿತ್ತು. ನಡುವಿನ ಮನೆ ಇರಲಿಲ್ಲ. ಹಳೆಯ ನಿಯಮಕ್ಕೂ ಮೂರು ಮನೆ ಬೇಕು. ಅದು ಇದ್ದ ಹಗ್ಗವನ್ನು ಸರಿಸುತ್ತಿತ್ತು, ಇಲ್ಲದ ಹಗ್ಗವನ್ನು ಎಂದೂ ಹುಟ್ಟಿಸಿರಲಿಲ್ಲ. ಆ ಊರಿನಲ್ಲಿ ಬಿಡಿ ಮನೆಯೊಂದಕ್ಕೆ ಹೋಗಿ ಹಗ್ಗ ಕಟ್ಟುವ ನಿಯಮವೇ ಇರಲಿಲ್ಲ. ನನಗೆ ಮಾಡಿದಂತೆ ಮನೆಯವರೇ ಕೊಡಬೇಕು, ಕೊಡಬೇಕಾದವಳೇ ಕಾಣುತ್ತಿರಲಿಲ್ಲ.

"ಗಾಣಿಗನ ಕಡೆ ಮೂರು ಮನೆ ಇದೆ," ಎಂದನೊಬ್ಬ ಗಂಟಿನವನು. "ಅಲ್ಲಾದ್ರೆ ಹಳೆಯದು ನಡೆಯುತ್ತೆ."

"ನಡೆದು?" ಎಂದ ಬುಟ್ಟಿಯವನು. "ನಡೆದು ಏನು ಮಾಡ್ತೀರಿ? ಗಾಣಿಗನ ಹೆಂಡ್ತಿ ಹೆರ್ತಿದ್ದಾಳಾ?"

ಹಗ್ಗ ಇನ್ನೊಮ್ಮೆ ಅಲುಗಿತು, ಈ ಸಲ ಸ್ವಲ್ಪ ನಿಧಾನವಾಗಿ.

ನಾನು ಕಂಬದ ಗಂಟಿಗೆ ಕೈ ಹಾಕಿದೆ.

"ಏನು ಮಾಡ್ತಿದ್ದೀರಿ?" ಎಂದ ಯಜಮಾನ.

"ನನ್ನ ಮನೆಯ ಗಂಟು ಬಿಚ್ಚಿಕೊಳ್ತಿದ್ದೀನಿ."

"ಬಿಚ್ಚಿದ್ರೆ ನೀವು ಯಾರಿಗೂ ಕಾಣಲ್ಲ. ಆ ಕಡೆ ಬುಟ್ಟಿಯವರದ್ದೂ ಇಲ್ಲವಾಗುತ್ತೆ. ಒಂದೇ ತುದಿ ಕಟ್ಟಿರೋದು ಹಗ್ಗ ಅಲ್ಲ, ಬಾಲ."

"ಬಾಲ ಹಿಡಿದು ಎಷ್ಟು ಹೊತ್ತು ನಡೀಬೇಕು? ಈ ಅಂಗಳ ದಾಟೋಷ್ಟು," ಎಂದೆ. "ಆದ್ರೆ ಮಂಜಲ್ಲಿ ಹುಡುಕ್ತಾ ಸುತ್ತಿ ಹೋಗೋಕೆ ಇದು ಗಿಡ್ಡ. ನಿಮ್ಮ ಕೈಲಿರೋದನ್ನ ಕೊಡಿ, ಸೇರಿಸ್ತೀನಿ."

"ಮಿಕ್ಕ ಹಗ್ಗ ಊರಿಂದು. ಕೊಡೋಕೆ ನಿಯಮ ಇಲ್ಲಮ್ಮಾ." ಆಮೇಲೆ ಸುತ್ತಿದ ಹಗ್ಗವನ್ನು ಮೊಣಕೈಯಿಂದ ಕಳಚಿ ನೆಲದ ಮೇಲೆ ಇಟ್ಟ. "ನಾನು ಕೊಟ್ಟಿಲ್ಲ. ಕೆಳಗೆ ಇಟ್ಟಿದ್ದೀನಿ. ಕೈ ನೋಯ್ತಿತ್ತು." ಹಾಗೆಂದು ಬೆನ್ನು ತಿರುಗಿಸಿ ಮಂ‌ಜನ್ನು ನೋಡುತ್ತ ನಿಂತ. ಅವನ ಹಿಂದಿದ್ದವರೂ ಒಬ್ಬೊಬ್ಬರಾಗಿ ತಿರುಗಿದರು.

ಗಂಟು ಬಿಚ್ಚಿದೆ.

ಬುಟ್ಟಿಯವನು ಗಾಬರಿಯಿಂದ ಗಾಳಿಯಲ್ಲಿ ಕೈಯಾಡಿಸಿದ. ಅವನ ಕೈ ನನ್ನ ಭುಜದ ಮೇಲೇ ಹಾದುಹೋಯಿತು, ತಾಗಿದಂತೆ ಅವನಿಗೆ ತೋರಲಿಲ್ಲ. ಎರಡು ಹಗ್ಗಗಳನ್ನು ಸೇರಿಸಿ ಹಡಗಿನವರ ಗಂಟು ಹಾಕಿ, ತುದಿಯನ್ನು ಅಂಗೈಗೆ ಸುತ್ತಿಕೊಂಡು ನಡೆದೆ.

ನಡೆದಂತೆ ಊರು ಕಾಣತೊಡಗಿತು. ಕಟ್ಟಿಲ್ಲದವಳಿಗೆ ಕಟ್ಟಿಲ್ಲದವರು ಕಾಣುತ್ತಾರೆ, ಅದನ್ನು ಅಲ್ಲಿಯವರೆಗೆ ಯಾರೂ ತಿಳಿಯಹೋಗಿರಲಿಲ್ಲ. ಯಾವ ಮನೆಯೂ ಎಲ್ಲಿಗೂ ಹೋಗಿರಲಿಲ್ಲ. ಉಪ್ಪಿನವನು ಅಂಗಡಿಯಲ್ಲಿ ಮೂಟೆಗಳ ನಡುವೆ ಕೂತಿದ್ದ, "ಸೇರಿಗೆಷ್ಟು ಅಂತ ಕೇಳೋರೇ ಇಲ್ಲ," ಎಂದ. ನೇಕಾರನ ಅಕ್ಕ ಜಗುಲಿಯ ಅಂಚಿನಲ್ಲಿ ನಿಂತಿದ್ದಳು. ಉಳಿದವರೂ ಜಗುಲಿಯ ಅಂಚಿನಲ್ಲೇ ಇದ್ದರು. ಹಗ್ಗವಿಲ್ಲದೆ ಒಂದು ಹೆಜ್ಜೆ ಇಟ್ಟವರು ಆ ಊರಿನಲ್ಲಿ ಯಾರೂ ಇರಲಿಲ್ಲ. "ಯಾರ ಕಡೆಯವಳಮ್ಮಾ ನೀನು? ನಮ್ಮ ಕಂಬಕ್ಕೂ ಒಂದು ಸುತ್ತು ಹಾಕಿ ಹೋಗು," ಎಂದು ಕೈ ಚಾಚಿದರು. ನಿಲ್ಲುವಂತಿರಲಿಲ್ಲ. ಒಂದು ತುದಿ ಹೆರುವವಳ ಮನೆಯಲ್ಲಿತ್ತು.

ಸೂಲಗಿತ್ತಿ ಚೀಲ ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದಳು. ಬಲಗಾಲು ನೆಲಕ್ಕಿಳಿದಿತ್ತು, ಎಡಗಾಲು ಮೇಲೇ ಇತ್ತು.

"ಅವಳ ಕೂಗು ಕೇಳಿಸ್ತಿದೆ," ಎಂದಳು. "ಒಂದು ಕಾಲು ಇಳಿಸ್ತೀನಿ, ಎತ್ಕೊಳ್ತೀನಿ. ಇಳಿಸ್ತೀನಿ, ಎತ್ಕೊಳ್ತೀನಿ. ಇಷ್ಟು ವಯಸ್ಸಿಗೆ ನಾಚಿಕೆ ಆಗ್ತದೆ ಕಣೇ. ಹೋದ್ರೂ ಈ ಕೈ ಅವಳಿಗೆ ತಾಗ್ಬೇಕಲ್ಲ."

"ತಾಗುತ್ತೆ, ಏಳು," ಎಂದೆ. ತುದಿಯನ್ನು ಅವಳ ಕಂಬಕ್ಕೆ ಎರಡು ಸುತ್ತು ಸುತ್ತಿ ಬಿಗಿದೆ. ಹಗ್ಗ ಮೇಲೆದ್ದಿತು. ಅತ್ತ ಅಂಗಳದಲ್ಲಿ ಬುಟ್ಟಿಯವನು "ಅವ್ವಾ!" ಎಂದು ಕಿರುಚಿದ. ಗಂಟಿನವರೆಲ್ಲ ಒಟ್ಟಿಗೆ ತಿರುಗಿದರು. ನನ್ನ ಕೈ ಇನ್ನೂ ಹಗ್ಗದ ಮೇಲಿತ್ತು, ಹಾಗಾಗಿ ನಾನೂ ಅವರಿಗೆ ಕಂಡೆ.

ಸೂಲಗಿತ್ತಿ ಹಗ್ಗ ಹಿಡಿದು ಇಳಿದಳು. ಎರಡು ಹೆಜ್ಜೆ ಹೋದವಳು ನಿಂತಳು.

"ಯಜಮಾನನ ಹತ್ರ ಇನ್ನೂ ಹಗ್ಗ ಇರ್ತದೆ. ನಿನ್ನ ಗುಡಿಸಲಿಗೂ ನನ್ನ ಕಂಬದಿಂದ ಒಂದು ಕಟ್ಕೋ."

"ಕಟ್ಟಿದ್ರೆ ಮತ್ತೆ ಮೂರಾಗುತ್ತೆ ಅವ್ವಾ. ನಾಳೆ ಇವರು ಯಾವ ಹಾಡು ಹಾಡ್ತಾರೋ ಯಾರಿಗೆ ಗೊತ್ತು? ಎರಡೇ ಇದ್ರೆ ಯಾವ ಹಾಡೂ ಮುಟ್ಟಲ್ಲ."

ಅವಳು ಆ ಅಗಲ ಅಂಗೈಯಿಂದ ನನ್ನ ಕೆನ್ನೆ ತಟ್ಟಿದಳು. ತಟ್ಟಿದ್ದೋ ಹೊಡೆದದ್ದೋ, ಸ್ವಲ್ಪ ಜೋರಾಗಿಯೇ ಇತ್ತು.

"ನಿನ್ನ ಹತ್ರ ನನ್ನದೊಂದು ಹಗ್ಗ ಬಾಕಿ ಇತ್ತು," ಎಂದಳು.

"ಹಿಡ್ಕೊಂಡಿದ್ದೀಯಲ್ಲ, ಅದೇ."

"ಗಂಟು ಗಟ್ಟಿ ಇದೆಯಾ?"

"ಜಗ್ಗಿ ನೋಡು."

ಜಗ್ಗಿ ನೋಡಿದಳು. ತಲೆಯಾಡಿಸಿದಳು. ಆಮೇಲೆ ನಾನು ಕೈ ತೆಗೆದೆ.